ಬಣ್ಣ ಅಳಿಸಿದ ಮರುದಿನ

ಗುರುವಾರ ಮುಂಜಾನೆ ಋತುಜಾ ಒಲೆಯ ಮೇಲೆ ಹಾಲು ಇಟ್ಟು ನಿಂತಿದ್ದಾಗ ಪಡಸಾಲೆಯಿಂದ ಅತ್ತೆ ಅಂಬಾಬಾಯಿ ಕರೆದರು.

"ಋತುಜಾ, ಲಗೂ ಬಾ. ಪೇಪರಿನ್ಯಾಗ ನಿನ್ನ ಹೆಸರು ಬಂದದ."

ಹದಿನಾಲ್ಕು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ಸುಶ್ರುತನ ಹೆಸರು ಬಂದಿತ್ತು. ಬೈಪಾಸಿನಲ್ಲಿ ಅಪಘಾತ, ಉಪನ್ಯಾಸಕ ಸಾವು, ಎರಡು ಕಾಲಂ ಸುದ್ದಿ. ಅಂದಿನಿಂದ ಧಾರವಾಡದ ಸಪ್ತಾಪುರದ ಆ ಮನೆಯಲ್ಲಿ ಪತ್ರಿಕೆಯನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಸೊಸೆ, ಇಬ್ಬರೂ ಅದನ್ನು ಮಡಚಿದ್ದು ಮಡಚಿದ ಹಾಗೆಯೇ ರದ್ದಿಗೆ ಹಾಕುತ್ತಿದ್ದರು. ಇವತ್ತು ಅಂಬಾಬಾಯಿ ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಪತ್ರಿಕೆ ಹಿಡಿದು, ಒಂದೊಂದೇ ಪದ ಬಿಡಿಸಿ ಓದುತ್ತಿದ್ದರು.

"ವೇಷ ಕಳಚಿದ ಮೇಲೂ ಫಕೀರೇಶನ ವೇಷ ಮುಗಿಯುವುದಿಲ್ಲ. ಜಂಗಮ ಎಂಬ ಒಂದು ಪದವನ್ನು ಹೊದ್ದುಕೊಂಡು ಅವನು ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂರುತ್ತಾನೆ. ಶ್ರಾವಣದ ಸೋಮವಾರ ಮನೆಯೊಡತಿ ಬಂದು ಅವನ ಪಾದ ತೊಳೆದು ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಾಳೆ. ಅವನ ಜೀವಮಾನದ ಅತಿ ದೊಡ್ಡ ವೇಷಕ್ಕೆ ಬಣ್ಣವೇ ಬೇಕಾಗಲಿಲ್ಲ."

ಅಂಬಾಬಾಯಿ ಕನ್ನಡಕ ತೆಗೆದರು. "ಎಷ್ಟು ಛಂದ ಬರದೀ. ಸುಶ್ರುತ ಇದ್ದಿದ್ರ..." ಅಷ್ಟಕ್ಕೆ ನಿಲ್ಲಿಸಿ ಸೆರಗಿನಿಂದ ಗಾಜು ಒರೆಸತೊಡಗಿದರು.

ಋತುಜಾ ಬಗ್ಗಿ ನೋಡಿದಳು. ಶನಿವಾರದಿಂದ ಶುರುವಾಗಲಿದ್ದ ಅಂಚಿನ ಸಮುದಾಯಗಳ ಕಲಾ ಉತ್ಸವದ ಬಗ್ಗೆ ಅರ್ಧ ಪುಟ. ಉತ್ಸವದ ಕಿರುಪುಸ್ತಕದಲ್ಲಿ ಅವಳು ಬರೆದದ್ದನ್ನು ಪತ್ರಿಕೆಯವರು ಇದ್ದ ಹಾಗೆಯೇ ಎತ್ತಿ ಹಾಕಿದ್ದರು. ಎರಡು ಫೋಟೋ. ಎಡಕ್ಕೆ ಅರ್ಧ ಹೆಣ್ಣು ಅರ್ಧ ಗಂಡಿನ ವೇಷ. ಬಲಕ್ಕೆ ಬರೀ ಮುಖ, ಪ್ಲಾಸ್ಟಿಕ್ ಕುರ್ಚಿ, ಹಿಂದೆ ನೀಲಿ ಬಣ್ಣದ ಬಾಗಿಲು. ಕೆಳಗೆ: ಅಲೆಮಾರಿ ಬುಡಗ ಜಂಗಮ ಸಮುದಾಯದ ಹಗಲುವೇಷ ಕಲಾವಿದ ಫಕೀರೇಶ, ವೇಷದಲ್ಲಿ ಮತ್ತು ನಿಜದಲ್ಲಿ.

ಬಾಗಿಲಿನ ಮೇಲೆ ಮನೆ ನಂಬರು ಕೂಡ ಓದುವಷ್ಟು ಸ್ಪಷ್ಟವಾಗಿತ್ತು.

ಒಳಗೆ ಹಾಲು ಉಕ್ಕಿದ ಸಪ್ಪಳವಾಯಿತು. ಇಬ್ಬರೂ ಒಳಗೆ ಹೋಗಲಿಲ್ಲ.

*

ಜನವರಿಯಲ್ಲಿ ಅವಳು ಫಕೀರೇಶನ ಮನೆಗೆ ಎರಡು ಸಲ ಹೋಗಿದ್ದಳು. ಉತ್ಸವ ನಡೆಸುವ ಸುಮೇಧಾ ಅವಳಿಗಿಂತ ನಾಲ್ಕು ವರ್ಷ ಮುಂದೆ ಓದಿದವಳು. "ಮನ್ಯಾಗ ಕೂತು ಕೂತು ಕಲ್ಲಾಗ್ತೀ. ಹತ್ತು ಮಂದಿ ಕಲಾವಿದರ ಪರಿಚಯ ಬರದುಕೊಡು," ಎಂದು ಕೆಲಸ ಹಚ್ಚಿದ್ದಳು. ಋತುಜಾ ಹೂಂ ಎಂದಿದ್ದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದಳು.

ಫಕೀರೇಶ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ನಡೆಸುತ್ತಿದ್ದ. ಅವನಪ್ಪ ಊರೂರು ತಿರುಗಿದ ವೇಷಗಾರ. ಇವನು ವರ್ಷಕ್ಕೆ ಎರಡು ಸಲ, ಬೇರೆ ಜಿಲ್ಲೆಗೆ ಹೋಗಿ, ರಜೆ ಹಾಕಿ ವೇಷ ಕಟ್ಟಿ ಬರುತ್ತಿದ್ದ. ವರ್ಕ್‌ಶಾಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತರ ಗಂಡಸು, ತೆಳ್ಳನೆಯ ಮುಖ, ಏನೂ ಬರೆಯದ ಪಾಟಿಯಂಥ ಮುಖ.

"ನಮ್ಮ ಮನೆತನದ ಪದ್ಧತಿ ಹಿಂಗರಿ ಅಕ್ಕಾರ," ಎಂದು ಅವನು ಹೇಳಿದ್ದ. "ಹಾಡಾ ಹಗಲ ವ್ಯಾಷ ಹಾಕ್ಕೊಂಡು ಮನಿ ಬಾಗಿಲಾಗ ಹೋಗಿ ನಿಂದ್ರತೀವಿ. ಪೊಲೀಸ, ತಲಾಟಿ, ಶಿವ, ಹನುಮಪ್ಪ, ಯಾವುದರ. ಮನಿಯವರು 'ಗುರುತು ಸಿಕ್ತು' ಅನ್ನಬೇಕು. ಅನ್ನೋತನಕ ಹೊಸ್ತಿಲ ಬಿಟ್ಟು ಸರಿಯಂಗಿಲ್ಲ. ಬಣ್ಣ ಅಳಿಸಿದ ಮರುದಿನ ಬರೇ ಮುಖ ತಗೊಂಡು ಅದ ಬಾಗಿಲಿಗೆ ಹೋಗೋದು, ನಿನ್ನಿ ಬಂದಾವ ನಾನ ಅಂತ ಹೆಸರು ಹೇಳಿ ಜ್ವಾಳದ ಪಡಿ ಇಸಗೊಳ್ಳೋದು. ನಮ್ಮಪ್ಪಗ ಬಣ್ಣದಾಗ ಎಂದೂ ನಾಚಿಕಿ ಬಂದಿಲ್ಲರಿ. ಮರುದಿನ ಹೋಗುವಾಗ ಮಾತ್ರ ಕಾಲ ನಡಗತಿದ್ವು."

ಋತುಜಾ ಮೊಬೈಲು ಮುಂದೆ ಹಿಡಿದು, "ಹ್ಞಾಂ, ಹ್ಞಾಂ, ಹೇಳ್ರಿ," ಎಂದಿದ್ದಳು.

ಆಗ ಅವನು ಆ ಸಂಗತಿ ಹೇಳಿದ. ಈ ಮನೆ ಸಿಗುವ ಮುಂಚೆ ಹನ್ನೊಂದು ಮನೆ ನೋಡಿದ್ದರು. ಹನ್ನೆರಡನೆಯದರಲ್ಲಿ ಮನೆಯೊಡತಿ ದ್ರಾಕ್ಷಾಯಿಣಿ, "ಯಾವ ಮಂದಿ ನೀವು?" ಎಂದು ಕೇಳಿದಾಗ ಇವನು, "ಜಂಗಮರ ಪೈಕಿರಿ," ಎಂದ. ಸುಳ್ಳಲ್ಲ. ಆದರೆ ಈ ಸೀಮೆಯಲ್ಲಿ ಜಂಗಮ ಎಂದರೆ ಲಿಂಗಾಯತರ ಅಯ್ಯನವರು, ಪಾದಪೂಜೆ ಮಾಡಿಸಿಕೊಳ್ಳುವ ಗುರುಗಳು. ಬುಡಗ ಜಂಗಮರೆಂದರೆ ವೇಷ ಕಟ್ಟಿ ಪಡಿ ಬೇಡುವ, ಮನೆಯೊಳಗೆ ತೆಲುಗು ಮಾತಾಡುವ, ಪರಿಶಿಷ್ಟರ ಪಟ್ಟಿಯಲ್ಲಿ ಇರುವ ಜನ. ದ್ರಾಕ್ಷಾಯಿಣಿ ತನಗೆ ಬೇಕಾದ ಜಂಗಮನನ್ನೇ ಕೇಳಿಸಿಕೊಂಡರು. ಅಯ್ಯನವರು ತಮ್ಮ ಮನೆಗೇ ಬಾಡಿಗೆಗೆ ಬಂದರೆಂದು ಮುಂಗಡವನ್ನೂ ಕಡಿಮೆ ಮಾಡಿದರು.

"ಶ್ರಾವಣದಾಗ ಅವರ ಖಾಯಮ್ ಅಯ್ನೋರು ಬರಲಿಲ್ಲರಿ. ತಂಬಿಗಿ, ತಾಟು ಹಿಡಕೊಂಡು ಸೀದಾ ನನ್ನ ಕಡೆ ಬಂದ್ರು. ಒಂದ ಸಲ ಅಲ್ಲ, ಮೂರು ಸಲ ಬ್ಯಾಡ ಅಂದೆ. ಅವ್ವಾರ, ನಾವು ಆ ಜಂಗಮರಲ್ಲರಿ, ವ್ಯಾಷಗಾರ ಮಂದಿರಿ ಅಂದೆ. 'ಖರೇ ಅಯ್ನೋರು ಹಿಂಗ ಸಣ್ಣವರಾಗಿ ಮಾತಾಡ್ತಾರ' ಅಂತಂದು ಕಾಲ ಹಿಡದ ಬಿಟ್ರು. ನನ್ನ ಕಾಲರಿ ಅವು. ಗ್ರೀಸ್ ಹತ್ತಿದ ಕಾಲ."

ಅವನು ನಕ್ಕಿದ್ದ. ಹೆಂಡತಿ ಜಯಾ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಋತುಜಾಗೂ ನಗು ಬಂದಿತ್ತು, ಒಂದು ವರ್ಷದ ಮೇಲೆ.

ಆಮೇಲೆ ಅವನು ನಗು ನಿಲ್ಲಿಸಿ ಹೇಳಿದ. "ಇದನ್ನ ನಿಮ್ಮ ಮುಂದ ಅಂದದ್ದು ನಗಾಕರಿ. ಬರೀಬ್ಯಾಡ್ರಿ. ಪುಸ್ತಕದಾಗ ವ್ಯಾಷದ ಫೋಟೋ ಅಷ್ಟ ಹಾಕ್ರಿ, ಈ ಮುಖ ಬ್ಯಾಡ. ಮಗಳು ಮಾರ್ಚ್‌ದಾಗ ಹತ್ತನೇ ಕ್ಲಾಸ್ ಪರೀಕ್ಷಾ ಬರಿಬೇಕು. ಮತ್ತ ಮನಿ ಹುಡಕಾಕ ನನ್ನ ಕಡಿಂದ ಆಗಂಗಿಲ್ಲ."

"ಆತ್ರಿ," ಎಂದಿದ್ದಳು ಋತುಜಾ. "ಯಾರ ಮುಂದೂ ಹೇಳಂಗಿಲ್ಲ."

ಅವಳ ಆ ಮಾತು ಈಗಲೂ ಮೊಬೈಲಿನಲ್ಲಿತ್ತು. ಅವಳದೇ ದನಿ, ತಣ್ಣಗೆ, ಸ್ಪಷ್ಟವಾಗಿ.

ಮರುವಾರ ಒಂದು ಮಧ್ಯಾಹ್ನ ಬರೆಯಲು ಕೂತಳು. ಸುಶ್ರುತ ಹೋದ ಮೇಲೆ ಅವಳಿಗೆ ಒಂದು ವಾಕ್ಯವೂ ನೆಟ್ಟಗೆ ಬಂದಿರಲಿಲ್ಲ. ಪಿಎಚ್‌.ಡಿ. ಪ್ರಬಂಧ ಮೂರನೇ ಅಧ್ಯಾಯದಲ್ಲಿ ನಿಂತಿತ್ತು. ಸಮಾಧಾನದ ಪತ್ರಗಳಿಗೆ ಉತ್ತರ ಹೋಗಿರಲಿಲ್ಲ. ಅವಳು ಅತ್ತೂ ಇರಲಿಲ್ಲ. ಅಂದು 'ವೇಷ ಕಳಚಿದ ಮೇಲೂ' ಎಂಬ ಮೂರು ಪದ ತಾವಾಗಿಯೇ ಬಂದವು. ಹಿಂದೆಯೇ ಉಳಿದದ್ದು ಬಂತು. ಜೋಮು ಹಿಡಿದ ಕಾಲಿಗೆ ಮತ್ತೆ ರಕ್ತ ಹರಿದಾಗ ಆಗುವ ಹಾಗೆ ಆಯಿತು, ನೋವಿನ ಜೊತೆಗೆ ಹಿತ. ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ಓದಿ ನೋಡಿದಾಗ ನಡುವೆ ಒಂದು ಸಾಲು ಓಟಕ್ಕೆ ಅಡ್ಡ ಬಂತು: 'ಅವನು ಮೂರು ಸಲ ಬೇಡವೆಂದ, ತಾನು ಆ ಜಂಗಮನಲ್ಲವೆಂದ.' ಆ ಸಾಲಿದ್ದರೆ ಕೊನೆಯ ಮಾತು ಸಡಿಲಾಗುತ್ತಿತ್ತು. ಹೊಡೆದುಹಾಕಿದಳು.

ಮನೆಯೊಡತಿಯ ಹೆಸರು ಹಾಕಿಲ್ಲವಲ್ಲ, ಪುಸ್ತಕ ಇನ್ನೂರು ಅತಿಥಿಗಳ ಕೈಗೆ ಹೋಗುವುದು, ಗೋಕುಲ ರಸ್ತೆಯಲ್ಲಿ ಯಾರು ಓದುತ್ತಾರೆ, ಎಂದುಕೊಂಡಳು. ಅಷ್ಟು ಅಂದುಕೊಳ್ಳಬೇಕಾಯಿತು ಎಂದರೆ ತಪ್ಪೆಂದು ಗೊತ್ತಿತ್ತು ಎಂದೇ ಅರ್ಥ. ಸುಮೇಧಾ ಓದಿ, "ಇದು ಖರೇ ಬರವಣಿಗಿ. ಬರೇ ಮುಖದ್ದೂ ಒಂದು ಫೋಟೋ ಕಳಸು, ಜೋಡಿ ಇಟ್ರ ಎದ್ದು ಕಾಣ್ತದ," ಎಂದಳು. ಅವನ ಮನೆಯ ಬಾಗಿಲಲ್ಲಿ ತಾನೇ ತೆಗೆದಿದ್ದ ಫೋಟೋವನ್ನು ಋತುಜಾ ಕಳಿಸಿದಳು. ಅವನ ಮಾತು ಮರೆತು ಕಳಿಸಿದ್ದಲ್ಲ.

*

ಬೆಳಗಿನಿಂದ ಫಕೀರೇಶ ಫೋನು ಎತ್ತಲಿಲ್ಲ. ಹನ್ನೊಂದಕ್ಕೆ ಅವಳು ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೊರಟಳು. ಬಸ್ಸಿನ ತುಂಬ ಜನ ಮೊಬೈಲು ನೋಡುತ್ತಿದ್ದರು. ಎಲ್ಲರೂ ಅದೇ ಪುಟ ನೋಡುತ್ತಿದ್ದಾರೆ ಅನ್ನಿಸಿತು. ಹೊಸೂರು ನಿಲ್ದಾಣದಲ್ಲಿ ಇಳಿದು ಆಟೋ ಮಾಡಿದಳು.

ಫಕೀರೇಶನದು ಹಿತ್ತಲ ಮನೆ. ರಸ್ತೆಗೆ ಮುಖ ಮಾಡಿದ ಮುಂದಿನ ಮನೆಯ ಕಟ್ಟೆಯ ಮೇಲೆ ದ್ರಾಕ್ಷಾಯಿಣಿ ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಜನವರಿಯಲ್ಲಿ ಬಂದಾಗ ಎರಡೂ ಸಲ ಅವರು ಮನೆಯಲ್ಲಿ ಇರಲಿಲ್ಲ.

"ಫಕೀರೇಶ ಅವರು ಇದ್ದಾರೇನ್ರಿ?"

"ಯಾವ ಫಕೀರೇಶ? ಪೇಪರಿನ್ಯಾಗಿನವನೋ, ಹಿತ್ತಲ ಮನ್ಯಾಗಿನವನೋ?"

ಋತುಜಾ ಕಟ್ಟೆಯ ಹತ್ತಿರ ಬಂದಳು.

"ಎಲ್ಲಿಂದ ಬಂದಿ?"

"ಉತ್ಸವದವರ ಕಡಿಂದ ಬಂದೀನ್ರಿ."

"ಹಂಗಾರ ಕುಂದ್ರವಾ. ನಿಮ್ಮಂಥವರ ದಾರೀನ ನೋಡಾಕತ್ತಿದ್ದೆ." ಅವರು ಕಾಳಿನ ಮೇಲಿನಿಂದ ಕೈ ತೆಗೆಯಲಿಲ್ಲ. "ಹೊತ್ತು ಹುಟ್ಟಿದಾಗಿಂದ ಹಾಲಿನವ ಕೇಳಿದ, ಕಾಯಿಪಲ್ಲೆದಾಕಿ ಕೇಳಿದಳು. ಎದುರ ಮನಿ ಗುರುಶಿದ್ದಪ್ಪ ಗೇಟಿನ್ಯಾಗ ನಿಂತು ಕೇಳಿದ, ಅವ್ವಾರ, ನೀರು ಸಪ್ಪಗಿತ್ತೋ ಸಿಹಿ ಇತ್ತೋ ಅಂತ. ಇಪ್ಪತ್ತು ವರ್ಷ ಆತು ನಾ ಒಬ್ಬಾಕಿ ಈ ಓಣ್ಯಾಗ ಬಾಳ್ವೆ ಮಾಡಾಕತ್ತು. ಒಬ್ಬರು ನಕ್ಕಿರಲಿಲ್ಲ."

"ನಿಮ್ಮ ಹೆಸರು ಹಾಕಿಲ್ಲಲ್ರಿ ಅದರಾಗ," ಎಂದಳು ಋತುಜಾ. ಅಂದ ಕೂಡಲೇ ಅದು ಎಂಥ ಮಾತೆಂದು ಅವಳಿಗೇ ಕೇಳಿಸಿತು.

"ಬಾಗಿಲ ಹಾಕ್ಯಾರಲ್ಲ. ಆ ನೀಲಿ ಬಣ್ಣ ನಮ್ಮ ಯಜಮಾನರು ತಮ್ಮ ಕೈಲೆ ಹಚ್ಚಿದ್ದು." ದ್ರಾಕ್ಷಾಯಿಣಿ ಒಂದು ಕಲ್ಲನ್ನು ದೂರ ಎಸೆದರು. "ಈ ಋತುಜಾ ಅನ್ನಾಕಿ ಯಾರು? ನಿನಗ ಗೊತ್ತೇನು?"

"ಗೊತ್ತು."

"ವಯಸ್ಸಾದಾಕಿ ಏನು?"

"ಇಲ್ಲರಿ. ಮೂವತ್ತು ಆಗಿರಬೇಕು."

"ಲಗ್ನ ಆಗೇತೋ?"

"ಆಗಿತ್ತು. ಗಂಡ ತೀರಿಕೊಂಡಾರ."

ಕಾಳಿನ ಮೇಲೆ ಓಡುತ್ತಿದ್ದ ಕೈ ನಿಂತಿತು. ದ್ರಾಕ್ಷಾಯಿಣಿ ಮೊದಲ ಸಲ ಮುಖ ಎತ್ತಿದರು. "ಅಷ್ಟು ಸಣ್ಣ ವಯಸ್ಸಿಗೆ? ಪಾಪ." ಮತ್ತೆ ಕಾಳಿಗೆ ಕೈ ಹಾಕಿದರು. "ಹಂಗಾರ ಆಕಿಗೆ ತಿಳೀಬೇಕಾಗಿತ್ತಲ್ಲ. ಮಂದಿ ಬಾಯಾಗ ಬೀಳೋದು ಹೆಂಗಿರತೈತಿ ಅಂತ."

ಈಗ ಹೇಳಬೇಕಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಋತುಜಾ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, "ಅವರು ಮನಿ ಬಿಡಬೇಕೇನ್ರಿ?" ಎಂದು ಕೇಳಿದಳು.

"ಅಮಾಸಿ ತನಕ ಇರ್ರಿ ಅಂದೇನಿ. ಅಷ್ಟರಾಗ ಓಣ್ಯಾವರು ನನ್ನ ಹೊರಗ ಹಾಕದಿದ್ರ ಸಾಕು."

"ಆ ಹುಡುಗಿಗೆ ಪರೀಕ್ಷಾ ಅದ..."

"ಅದನ್ನ ಆ ಋತುಜಾನ ಕೇಳು."

ಹಿತ್ತಲ ಮನೆಯಲ್ಲಿ ಫಕೀರೇಶ ಇದ್ದ. ಕೆಲಸಕ್ಕೆ ಹೋಗಿರಲಿಲ್ಲ. ಮಗಳು ಶಾಲೆಗೆ ಹೋಗಿದ್ದಳು. ಜಯಾ ಚಹಾ ತಂದು ಕೊಟ್ಟು ಗೋಡೆಗೆ ಒರಗಿ ನಿಂತಳು. ಮೂಲೆಯಲ್ಲಿ ಎರಡು ರಟ್ಟಿನ ಡಬ್ಬಿ ಆಗಲೇ ಬಂದು ಕೂತಿದ್ದವು.

"ನಾ ಇವರಿಗೆ ಅದ ಹೇಳಾಕತ್ತೇನ್ರಿ ಅಕ್ಕಾರ," ಎಂದಳು ಜಯಾ. "ನೀವು ಬ್ಯಾಡ ಅಂದಿರಬೇಕು, ಮ್ಯಾಲಿನವರು ಕೇಳಿರಲಿಕ್ಕಿಲ್ಲ. ಹೌದಲ್ರಿ?"

ತೆರೆದ ಬಾಗಿಲು ಎದುರಿಗಿದ್ದ ಹಾಗಿತ್ತು. ಋತುಜಾ ಅದರಲ್ಲಿ ಹೊಕ್ಕಳು.

"ಹೂಂ," ಎಂದಳು. "ಹಂಗ ಏನೋ ಆಗೇದ."

ಫಕೀರೇಶ ಅವಳ ಮುಖ ನೋಡಲಿಲ್ಲ. ಅವಳು ಹಿಡಿದ ಕಪ್ಪನ್ನು ನೋಡುತ್ತಿದ್ದ.

"ಉತ್ಸವಕ್ಕ ಬರೋದು ಬ್ಯಾಡ್ರಿ ನೀವು. ಸುಮೇಧಾಗ ನಾ ಹೇಳ್ತೀನಿ," ಎಂದಳು ಅವಳು.

"ಯಾಕ್ರಿ? ನೋಡಬಾರದವರು ಎಲ್ಲಾರೂ ನೋಡ್ಯಾರ. ಇನ್ನ ನೋಡಬೇಕಾದವರೂ ನೋಡ್ಲಿ." ಅವನು ಎದ್ದು ನಿಂತ. "ಆದ್ರ ನನ್ನ ಪಾಳಿ ಬಿಸಲಿದ್ದಾಗ ಇಡ್ರಿ. ಅದು ಹಗಲುವ್ಯಾಷ. ನಿಮ್ಮ ಲೈಟಿನ ಕೆಳಗ ಹಾಕೋದಲ್ಲ."

*

ಶನಿವಾರ ನಾಲ್ಕು ಗಂಟೆಗೆ ಧಾರವಾಡದ ಒಂದು ಕಾಲೇಜಿನ ಮೈದಾನ ತುಂಬಿತ್ತು. ಸುತ್ತಲೂ ಬಟ್ಟೆಯ ಬ್ಯಾನರುಗಳು, ಕೌದಿ ಹೊಲಿಯುವವರ ಮಳಿಗೆ, ಬುಟ್ಟಿ ಹೆಣೆಯುವವರ ಮಳಿಗೆ. ಪ್ರವೇಶದ ಬಳಿ ಫಕೀರೇಶನ ಎರಡು ಮುಖಗಳು ಆಳೆತ್ತರದ ಫ್ಲೆಕ್ಸಿನಲ್ಲಿ ನಿಂತಿದ್ದವು. ಅದರ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಋತುಜಾ ವೇದಿಕೆಯ ಪಕ್ಕದಲ್ಲಿ ಕಾರ್ಯಕ್ರಮದ ಪಟ್ಟಿ ಹಿಡಿದು ನಿಂತಿದ್ದಳು. ಆ ಫ್ಲೆಕ್ಸು ಕಾಣದ ಕಡೆಗೆ ಮುಖ ಮಾಡಿದ್ದಳು.

ಸುಮೇಧಾ ಮೈಕಿನಲ್ಲಿ ಫಕೀರೇಶನ ಹೆಸರು ಕರೆದಳು. ವೇದಿಕೆ ಖಾಲಿಯೇ ಇತ್ತು. ಇನ್ನೊಮ್ಮೆ ಕರೆದಳು. ಆಗ ಹಿಂದಿನ ಸಾಲುಗಳಿಂದ ನಗು ಎದ್ದಿತು.

ಕುರ್ಚಿಗಳ ನಡುವೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಬೂದು ಬಣ್ಣದ ಕುರ್ತಾ, ಹೆಗಲಿಗೆ ಬಟ್ಟೆಯ ಚೀಲ, ಹಣೆಗೆ ಎಳ್ಳುಕಾಳಿನಷ್ಟು ಕರಿ ಬೊಟ್ಟು. ಒಂದು ಕೈಯಲ್ಲಿ ಮೊಬೈಲು, ಅದನ್ನು ಜನರ ಬಾಯಿಗೆ ಆರತಿಯ ಹಾಗೆ ಹಿಡಿಯುತ್ತಿದ್ದಳು. ಇನ್ನೊಂದು ಕೈಯ ಹೆಬ್ಬೆರಳು ಉಂಗುರವಿಲ್ಲದ ಬೆರಳಿನ ಬುಡವನ್ನು ಸುಮ್ಮನೆ ತಿರುವುತ್ತಿತ್ತು.

ಋತುಜಾ ತನ್ನ ಎಡಗೈ ನೋಡಿಕೊಂಡಳು. ಹೆಬ್ಬೆರಳು ಅಲ್ಲೇ ಇತ್ತು.

"ಹ್ಞಾಂ, ಹ್ಞಾಂ, ಹೇಳ್ರಿ," ಎಂದಿತು ವೇಷ, ತಣ್ಣನೆಯ ದನಿಯಲ್ಲಿ, ಯಾರ ಮುಖವನ್ನೂ ನೋಡದೆ. "ನಿಮ್ಮ ಹೆಸರು? ಮನ್ಯಾಗ ಯಾವ ಭಾಷಾ ಮಾತಾಡ್ತೀರಿ? ಬಾಗಿಲಿಗೆ ಯಾವ ಬಣ್ಣ ಹಚ್ಚೀರಿ? ಅಳಬೇಕನಸ್ತದೇನು? ಸ್ವಲ್ಪ ಈ ಕಡೆ ತಿರುಗಿ ಅಳ್ರಿ, ಬೆಳಕು ಛಲೋ ಅದ."

ಜನ ಬಿದ್ದು ಬಿದ್ದು ನಕ್ಕರು. ವೇಷ ಮುಂದಿನ ಸಾಲಿಗೆ ಬಂತು. ಶಾಲು ಹೊದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರ ಮುಂದೆ ಮೊಬೈಲು ಹಿಡಿಯಿತು.

"ಸರ್, ತಮ್ಮದು ಯಾವ ಜಾತಿರಿ? ಹೇಳ್ರಿ, ಯಾರ ಮುಂದೂ ಹೇಳಂಗಿಲ್ಲ."

ಅವರು ನಗುತ್ತಿದ್ದವರು ನಗುತ್ತಲೇ ಪಕ್ಕದವರ ಕಡೆ ನೋಡಿದರು. ವೇಷ ಕಾಯಿತು. ನಗು ಅವರ ಮುಖದ ಮೇಲೆ ಹಾಗೇ ಉಳಿದು ಒಣಗಿತು. ಸುತ್ತಲಿನ ನಾಲ್ಕಾರು ಸಾಲು ತಣ್ಣಗಾದವು. ಆಗ ವೇಷ ತಿರುಗಿ, ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಮಾರುವವರ ದನಿಯಲ್ಲಿ ಕೂಗಿತು. "ಪೇಪರ್, ಪೇಪರ್, ಸರ್ ಅವರ ಮನಿ ಬಾಗಿಲು ನೋಡ್ರಿ, ಪೇಪರ್..."

ಮತ್ತೆ ನಗು, ಚಪ್ಪಾಳೆ. ಸುಮೇಧಾ ಕಣ್ಣೀರು ಒರೆಸಿಕೊಳ್ಳುತ್ತ ಬಂದು ಋತುಜಾಳ ಭುಜ ಹಿಡಿದಳು. "ಯಾವುದೋ ಟಿವಿ ವರದಿಗಾರ್ತಿ ವೇಷ ಹಾಕ್ಯಾನ, ಎಷ್ಟು ಹದ ನೋಡು."

ವೇಷ ಈಗ ಅವರ ಎದುರಿಗೇ ಬಂದು ನಿಂತಿತ್ತು. ಹತ್ತಿರದಿಂದ ಪೌಡರಿನ ಕೆಳಗೆ ಗಡ್ಡದ ಹಸಿರು ಕಾಣುತ್ತಿತ್ತು. ಕಣ್ಣು ಮಾತ್ರ ಫಕೀರೇಶನವು. ಅವು ಮೊದಲ ಸಲ ಅವಳ ಮುಖವನ್ನೇ ನೋಡುತ್ತಿದ್ದವು.

"ಗುರುತು ಸಿಕ್ತೇನ್ರಿ?" ಎಂದು ಕೇಳಿದ.

ಋತುಜಾ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಸರಿಯಲಿಲ್ಲ. ಜನ ಇದೂ ಆಟವೆಂದುಕೊಂಡು ಕೂಗಿದರು, "ಹೇಳ್ರಿ, ಹೇಳ್ರಿ."

"ಸಿಕ್ತು," ಎಂದಳು. "ನಾನ."

ಅದು ಅವನಿಗೊಬ್ಬನಿಗೇ ಕೇಳಿಸಿತು. ಅವನು ಮೊಬೈಲನ್ನು ಚೀಲಕ್ಕೆ ಹಾಕಿ, ಜನರಿಗೆ ಕೈ ಮುಗಿದು ಹೊರಟುಹೋದ.

ಹಿಂದುಗಡೆ ಬೇವಿನ ಮರದ ಕೆಳಗೆ ಅವನು ಕೊಬ್ಬರಿ ಎಣ್ಣೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ ಅವಳು ಹೋಗಿ ನಿಂತಳು.

"ನಿಮಗ ಮೊದಲ ಗೊತ್ತಿತ್ತು."

"ಜಯಾ ಚಾ ಕೊಟ್ಟಾಗ ಗೊತ್ತಾತ್ರಿ. ಕಪ್ಪು ನಡಗಾಕತ್ತಿತ್ತು. ಮಾಡದಾವ್ರ ಕೈ ನಡಗಂಗಿಲ್ಲ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು. "ಬರದದ್ದಕ್ಕ ನನಗ ಸಿಟ್ಟಿಲ್ಲ ಅಂತ ಅನ್ನಂಗಿಲ್ಲರಿ. ಅದಕ್ಕಿಂತ ಜಾಸ್ತಿ, ಮೂರು ಸಲ ಬ್ಯಾಡ ಅಂದದ್ದನ್ನ ಯಾಕ ಬಿಟ್ರಿ? ನನ್ನ ಮಗಳು ಓದಿ ಕೇಳಿದಳು. ಅಪ್ಪಾ, ಅವ್ವಾರಿಗೆ ನೀ ಮೋಸ ಮಾಡಿದೇನು ಅಂತ."

ಋತುಜಾ ಬಾಯಿ ತೆರೆದಳು. ಆ ಸಾಲು ಓಟಕ್ಕೆ ಅಡ್ಡ ಬರುತ್ತಿತ್ತು ಎಂದು ಅವನಿಗೆ ಹೇಗೆ ಹೇಳುವುದು.

"ತಪ್ಪಾತ್ರಿ."

"ಹೌದ್ರಿ," ಎಂದ ಅವನು, ತನ್ನ ಮುಖದ ಮೇಲೆ ಅರ್ಧ ಅಳಿಸಿ ಉಳಿದಿದ್ದ ಅವಳ ಮುಖವನ್ನು ಅರಿವೆಯಿಂದ ತಿಕ್ಕುತ್ತ. "ಆದ್ರ ನಾ ಒಬ್ಬನ ಅಲ್ಲಲ್ರಿ ಓದಿದ್ದು."

*

ಆದಿತ್ಯವಾರ ಮುಂಜಾನೆ ಎಂಟಕ್ಕೇ ಅವಳು ತಯಾರಾದಳು. ಅಂಬಾಬಾಯಿ, "ಇವತ್ತೂ ಉತ್ಸವ ಅದೇನು?" ಎಂದು ಕೇಳಿದರು.

"ಇಲ್ಲ. ಹುಬ್ಬಳ್ಳಿಗೆ. ಬರದದ್ದರಾಗ ಒಂದು ತಪ್ಪು ಮಾಡೀನಿ."

ಅಂಬಾಬಾಯಿ ಆ ಪುಟವನ್ನು ಕತ್ತರಿಸಿ ಸುಶ್ರುತನ ಫೋಟೋದ ಕೆಳಗೆ ಇಟ್ಟಿದ್ದರು. ಸೊಸೆಯ ಮುಖ ನೋಡಿ, ಏನೂ ಕೇಳದೆ, ಅದನ್ನು ಅಲ್ಲಿಂದ ತೆಗೆದರು.

ಚೀಲ, ಮೊಬೈಲು ಎರಡನ್ನೂ ಋತುಜಾ ಮನೆಯಲ್ಲೇ ಬಿಟ್ಟಳು. ಬಸ್ಸಿನ ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು ಹೋದಳು. ಓಣಿಯ ತಿರುವಿನಲ್ಲಿ ಕಾಲು ನಡುಗಿದವು. ಫಕೀರೇಶನ ಅಪ್ಪನನ್ನು ಅವಳು ನೋಡಿರಲಿಲ್ಲ. ಅವನ ಕಾಲು ಹೀಗೇ ನಡುಗಿರಬೇಕು ಅನ್ನಿಸಿತು.

ದ್ರಾಕ್ಷಾಯಿಣಿ ಪೂಜೆ ಮುಗಿಸಿ ಹೊಸ್ತಿಲಿಗೆ ಬಂದಿದ್ದರು.

"ಮತ್ತ ಬಂದಿ?"

"ಮೊನ್ನೆ ಹೆಸರು ಹೇಳಲಿಲ್ಲರಿ ನಾನು. ನಾನ ಋತುಜಾ. ಬರದಾಕಿ ನಾನ."

ದ್ರಾಕ್ಷಾಯಿಣಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹಣೆ ನೋಡಿದರು, ಕೊರಳು ನೋಡಿದರು. ಒಳಗೆ ಬಾ ಎನ್ನಲಿಲ್ಲ.

"ಅವತ್ತ ಅನಸಿತ್ತು ನನಗ. ಗಂಡ ತೀರಿಕೊಂಡಾರ ಅಂದಾಗ ನಿನ್ನ ದನಿ ಮಂದಿ ಸುದ್ದಿ ಹೇಳಿದಂಗ ಇರಲಿಲ್ಲ." ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. "ಅವನು ಬ್ಯಾಡ ಅಂದಿದ್ದ. ನಿನಗ ಹೇಳಿದ್ದನೇನು?"

"ಹೇಳಿದ್ರು. ಮೂರು ಸಲ ಬ್ಯಾಡ ಅಂದೆ ಅಂತ."

"ಬರಿಲಿಲ್ಲ ಯಾಕ?"

"ಬರದಿದ್ದೆ. ಹೊಡದು ಹಾಕಿದೆ. ಅದಿಲ್ಲದಿದ್ರ ಓದಲಿಕ್ಕೆ ಛಂದ ಆಗ್ತಿತ್ತು."

ದ್ರಾಕ್ಷಾಯಿಣಿಗೆ ನಗು ಬಂತೋ ಏನೋ, ತುಟಿಯ ಕೊನೆ ಸೊಟ್ಟಗಾಯಿತು. "ಛಂದ ಆಗ್ತಿತ್ತು. ನಾ ಮೂರು ದಿನದಿಂದ ನಿದ್ದಿ ಮಾಡಿಲ್ಲ. ಅವ ಬ್ಯಾಡ ಅಂದದ್ದು ಈ ಕಿವೀಲೆ ಕೇಳೇನಿ. ವ್ಯಾಷಗಾರ ಅಂತಾನೂ ಅಂದ. ಕೇಳಸಿದ್ದು ಕೇಳಸಲಿಲ್ಲ ಅನಕೊಂಡಾಕಿ ನಾನು. ನನಗ ಅಯ್ನೋರು ಬೇಕಾಗಿತ್ತು. ಇದನ್ನ ಮಂದಿ ಮುಂದ ಹೆಂಗ ಹೇಳ್ಲಿ? ಪೇಪರಿನ್ಯಾಗ ಒಂದು ಬರದದ, ಮುದುಕಿ ಇನ್ನೊಂದು ಅಂತಾಳ ಅಂತಾರ. ಅದಕ್ಕ ಅಮಾಸಿಗೆ ಮನಿ ಬಿಡು ಅಂತ ಅವನ ಮ್ಯಾಲ ಹಾಕಿದೆ."

ಹಿತ್ತಲ ಕಡೆಯಿಂದ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿಕೊಳ್ಳುವುದು ಕೇಳುತ್ತಿತ್ತು. ಯಾವುದೋ ವಿಜ್ಞಾನದ ಪಾಠ, ಒಂದೇ ಸಾಲು ಮತ್ತೆ ಮತ್ತೆ.

"ತಿದ್ದಿ ಬರಿತೀನ್ರಿ," ಎಂದಳು ಋತುಜಾ. "ಪೇಪರಿನವರಿಗೂ ಕಳಸ್ತೀನಿ."

"ಬರಿ. ಯಾರು ಓದ್ತಾರ ಅದನ್ನ? ನಗೋದಿದ್ರ ಓದ್ತಾರ." ದ್ರಾಕ್ಷಾಯಿಣಿ ಬಗ್ಗಿ ಚಪ್ಪಲಿ ಹುಡುಕಿದರು. "ಈ ಓಣ್ಯಾಗ ಹತ್ತು ಮನಿ ಅದಾವ. ಬಾಗಿಲಾಗ ನಿಂತು ಬಾಯಿಲೆ ಹೇಳು. ನಿನ್ನ ಹೆಸರು ಹೇಳು, ಬಿಟ್ಟ ಸಾಲು ಹೇಳು. ಹತ್ತೂ ಮನಿ ಆಗಲಿ. ಆಮ್ಯಾಲ ಅಮಾಸಿ ಮಾತು ನೋಡೋಣ."

"ಈಗ?"

"ಮತ್ಯಾವಾಗ? ಹಗಲ ಐತಲ್ಲ."

ಅವರು ಮುಂದೆ ನಡೆದರು. ಋತುಜಾ ಹಿಂದೆ. ಎದುರು ಮನೆಯ ಗುರುಶಿದ್ದಪ್ಪ ಬನಿಯನ್ನಿನಲ್ಲಿ ನಿಂತು ಸ್ಕೂಟರು ತೊಳೆಯುತ್ತಿದ್ದ. ಹೊಟ್ಟೆ ಬಂದ, ಮೀಸೆಯ ಗಂಡಸು.

"ಏನ್ರಿ ಅವ್ವಾರ, ಸವಾರಿ?"

"ನಂದೇನಿಲ್ಲಪಾ. ಈಕಿ ಹೇಳ್ತಾಳ, ಕೇಳು."

ಋತುಜಾಳ ಕೈ ಇಲ್ಲದ ಚೀಲದ ಪಟ್ಟಿಗಾಗಿ ಹೆಗಲಿಗೆ ಹೋಗಿ ಬರಿದೇ ಇಳಿಯಿತು. ಅವಳು ಹೆಸರು ಹೇಳಿದಳು. ಬರೆದವಳು ತಾನೆಂದಳು. ಬೇಡವೆಂದು ಮೂರು ಸಲ ಹೇಳಿದ ಮನುಷ್ಯನ ಬಗ್ಗೆ, ಹೊಡೆದುಹಾಕಿದ ಸಾಲಿನ ಬಗ್ಗೆ ಹೇಳಿದಳು. ಹೇಳುತ್ತ ಹೇಳುತ್ತ ಕಣ್ಣು ತುಂಬಿದ್ದು ಅವಳಿಗೆ ತಿಳಿಯಲಿಲ್ಲ. ಗುರುಶಿದ್ದಪ್ಪ ಮುಜುಗರದಿಂದ ಬೇರೆ ಕಡೆ ನೋಡಿದಾಗ ತಿಳಿಯಿತು.

"ಅಲ್ಲವಾ," ಎಂದ ಅವನು ಅರಿವೆ ಹಿಂಡುತ್ತ, "ಬರದದ್ದು ಪೇಪರಿನ್ಯಾಗ, ಹೇಳೋದು ಗೇಟಿನ್ಯಾಗ. ನಾ ಯಾವುದನ್ನ ನಂಬ್ಲಿ?"

ಅವಳು ಸೆರಗಿಲ್ಲದ ಕುರ್ತಾದ ತೋಳಿನಲ್ಲೇ ಮುಖ ಒರೆಸಿಕೊಂಡು ತಿರುಗಿದಾಗ, ದ್ರಾಕ್ಷಾಯಿಣಿ ಆಗಲೇ ಪಕ್ಕದ ಮನೆಯ ಗೇಟಿನ ಕೊಂಡಿ ತೆಗೆಯುತ್ತಿದ್ದರು.